ಗ್ರಾಮ ಸಭೆಯಲ್ಲಿ ಕೂಗಿ ಬಂದರೆ ಸಾಲದು: ಕೇರಿಯ ಬೇಡಿಕೆಯನ್ನು ಠರಾವಿನವರೆಗೆ, ಅಲ್ಲಿಂದ ಕಾಮಗಾರಿವರೆಗೆ ಒಯ್ಯುವುದು ಹೇಗೆ

ಉತ್ತರ ಕನ್ನಡದ ಕುಮಟಾ, ಅಂಕೋಲಾ, ಹೊನ್ನಾವರ ಕಡೆಯ ಹುಡುಗ ಹುಡುಗಿಯರು ನನ್ನ ಹತ್ತಿರ ಬಂದು ಹೇಳುವುದು ಹೆಚ್ಚುಕಡಿಮೆ ಒಂದೇ ಕಥೆ. "ಅಣ್ಣಾ, ಗ್ರಾಮ ಸಭೆಗೆ ಹೋಗಿದ್ವಿ, ಎದ್ದು ನಿಂತು ಕೇಳಿದ್ವಿ, ಮಾಡಿಕೊಡ್ತೇವೆ ಅಂದ್ರು. ವರ್ಷ ಆಯ್ತು, ಏನೂ ಇಲ್ಲ."

ನಮಗೂ ಹೀಗೇ ಆಗಿತ್ತು. ನಮ್ಮ ಕೇರಿಯಿಂದ ಶಾಲೆಗೆ ಹೋಗುವ ದಾರಿಯಲ್ಲಿ ಒಂದು ಹಳ್ಳ ಇದೆ. ಅದರ ಮೇಲೆ ಮೂರು ಅಡಿಕೆ ಮರ ಹಾಸಿದ ಕಾಲುಸಂಕ. ಜೂನ್ ಬಂತೆಂದರೆ ಮರಕ್ಕೆ ಪಾಚಿ ಹಿಡಿಯುತ್ತದೆ, ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು, ಒಂದು ಬದಿಗೆ ಕಟ್ಟಿದ ಹಗ್ಗ ಹಿಡಿದು ದಾಟಬೇಕು. ಅದಕ್ಕಾಗಿ 40 ಜನ ಗ್ರಾಮ ಸಭೆಗೆ ಹೋಗಿ ಕೂಗಾಡಿದೆವು. ಆರು ತಿಂಗಳ ಮೇಲೆ ನಡಾವಳಿ ಪುಸ್ತಕ (ಸಭೆಯಲ್ಲಿ ನಡೆದದ್ದನ್ನು ಬರೆದಿಡುವ ಪುಸ್ತಕ) ತೆಗೆಸಿ ನೋಡಿದರೆ ನಮ್ಮ ಬಗ್ಗೆ ಇದ್ದದ್ದು ಒಂದೇ ಸಾಲು: ‘ಸಾರ್ವಜನಿಕರ ಅಹವಾಲು ಆಲಿಸಲಾಯಿತು.’ ಸಂಕದ ಹೆಸರಿಲ್ಲ, ಕೇರಿಯ ಹೆಸರಿಲ್ಲ.

ಆವತ್ತು ತಪ್ಪಿದ್ದು ಕ್ರಮ. ಯಾವುದನ್ನು ಮೊದಲು ಮಾಡಬೇಕಿತ್ತೋ ಅದನ್ನು ಮಾಡದೆ ನೇರ ಮೈಕ್ ಹಿಡಿದಿದ್ದೆವು. ಕ್ರಮ ಹೀಗಿದೆ, ಕಾಲುಸಂಕವನ್ನೇ ಉದಾಹರಣೆಗೆ ಇಟ್ಟುಕೊಂಡು ಹೇಳುತ್ತೇನೆ. ನಿಮ್ಮದು ಬಾವಿಗೆ ಉಪ್ಪು ನೀರು ಬರುವ ಸಮಸ್ಯೆ ಇರಬಹುದು, ಬೀದಿ ದೀಪ ಇರಬಹುದು, ಹಾದಿ ಅದೇ.

ಮೊದಲು ಕೈಲಿರಬೇಕಾದವು

ಒಂದು ಉದ್ದ ನೋಟ್ ಪುಸ್ತಕ. ಒಂದು ಫೈಲು. ಅಳತೆ ಟೇಪು, ಇಲ್ಲದಿದ್ದರೆ ಹಗ್ಗ. ದಿನಾಂಕ ಬರುವಂತೆ ಫೋಟೋ ತೆಗೆಯುವ ಒಂದು ಮೊಬೈಲ್. ಅದರಲ್ಲಿ ಸರ್ಕಾರದ ದಿಶಾಂಕ್ ಆ್ಯಪ್. ಮತ್ತೆ ಐದು ಜನ, ಅದರಲ್ಲಿ ಕನಿಷ್ಠ ಇಬ್ಬರು ಹುಡುಗಿಯರು ಅಥವಾ ಹೆಂಗಸರು. ಐದಕ್ಕಿಂತ ಜಾಸ್ತಿ ಜನ ಶುರುವಿಗೆ ಬೇಡ. 60 ಜನರ ವಾಟ್ಸಾಪ್ ಗ್ರೂಪ್ ಮಾಡಿದರೆ ಗುಡ್ ಮಾರ್ನಿಂಗ್ ಬರುತ್ತದೆ, ಕೆಲಸ ಆಗುವುದಿಲ್ಲ.

ಹಂತ 1: ಮತದಾರರ ಪಟ್ಟಿಯಲ್ಲಿ ಹೆಸರು ಇದೆಯಾ ನೋಡಿ

ಗ್ರಾಮ ಸಭೆ ಅಂದರೆ ಆ ಪಂಚಾಯತದ ಮತದಾರರ ಸಭೆ. ಪಟ್ಟಿಯಲ್ಲಿ ಹೆಸರಿದ್ದವರೇ ಅದರ ಸದಸ್ಯರು. ನಮ್ಮ ಕಡೆಯ ಎಷ್ಟೋ ಹುಡುಗರು ಗೋವಾ, ಹುಬ್ಬಳ್ಳಿ, ಬೆಂಗಳೂರಿನಲ್ಲಿ ಕೆಲಸಕ್ಕಿದ್ದು ಹೆಸರನ್ನೂ ಅಲ್ಲಿಗೇ ಹಾಕಿಸಿಕೊಂಡಿರುತ್ತಾರೆ. ಸಭೆಯಲ್ಲಿ ಮಾತಾಡಲು ಎದ್ದರೆ "ನೀನು ಈ ಊರಿನ ಮತದಾರ ಅಲ್ಲವಲ್ಲ" ಅಂತ ಒಬ್ಬರು ಹೇಳಿದರೆ ಸಾಕು, ಅಲ್ಲಿಗೆ ಮಾತು ನಿಂತಿತು.

ಹೊಸದಾಗಿ ಸೇರಲು ಫಾರ್ಮ್ 6, ವಿಳಾಸ ಬದಲಿಸಲು ಫಾರ್ಮ್ 8. ಚುನಾವಣಾ ಆಯೋಗದ ಆ್ಯಪ್‌ನಲ್ಲೇ ತುಂಬಬಹುದು. 17 ವರ್ಷ ತುಂಬಿದವರು ಮುಂಗಡವಾಗಿ ಅರ್ಜಿ ಹಾಕಬಹುದು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1, ಈ ನಾಲ್ಕರಲ್ಲಿ ಯಾವ ದಿನಕ್ಕೆ 18 ತುಂಬುತ್ತದೋ ಆವಾಗ ಹೆಸರು ಸೇರುತ್ತದೆ. ಅದಕ್ಕಿಂತ ಚಿಕ್ಕವರಿಗೆ ಮಕ್ಕಳ ಗ್ರಾಮ ಸಭೆ ಬೇರೆಯೇ ನಡೆಯುತ್ತದೆ, ಹೆಚ್ಚಾಗಿ ನವೆಂಬರ್ ಆಸುಪಾಸು. ಸಂಕದ ಮಾತನ್ನು ಅದನ್ನು ದಿನಾ ದಾಟುವ ಏಳನೇ ತರಗತಿಯ ಹುಡುಗಿಯೇ ಅಲ್ಲಿ ಎತ್ತಲಿ.

ಪಂಚಾಯತ ಸದಸ್ಯರ ಐದು ವರ್ಷದ ಅವಧಿ ಮುಗಿದು ಆಡಳಿತಾಧಿಕಾರಿ ಬಂದಿದ್ದರೆ ಇನ್ನೇನು ಮಾಡುವುದು ಅಂತ ಕೆಲವರು ಸುಮ್ಮನಾಗುತ್ತಾರೆ. ಸದಸ್ಯರ ಅವಧಿ ಮುಗಿದರೂ ಮತದಾರರು ಅಲ್ಲೇ ಇರುತ್ತಾರಲ್ವಾ? ಸಭೆ ಅವರದು.

ಕಾರವಾರ, ಶಿರಸಿಯಂಥ ನಗರಸಭೆ, ಕುಮಟಾದಂಥ ಪುರಸಭೆ ಒಳಗಿನವರಿಗೆ ಗ್ರಾಮ ಸಭೆ ಇಲ್ಲ. ನೀವು ವಾರ್ಡಿನ ಸದಸ್ಯರ ಮೂಲಕ ಅರ್ಜಿ ಕೊಡಿ, ಬಜೆಟ್‌ಗೂ ಮೊದಲು ಕರೆಯುವ ಸಾರ್ವಜನಿಕ ಸಲಹಾ ಸಭೆಗೆ ತಪ್ಪದೆ ಹೋಗಿ. ಅರ್ಜಿ, ಸ್ವೀಕೃತಿ, ಮಾಹಿತಿ ಹಕ್ಕು, ಇವೆಲ್ಲ ನಿಮಗೂ ಹಾಗೇ ಅನ್ವಯ.

ಹಂತ 2: ಒಂದೇ ಬೇಡಿಕೆ ಆರಿಸಿ, ಅದನ್ನು ಅಳೆಯಿರಿ

ಹನ್ನೆರಡು ಬೇಡಿಕೆಗಳ ಪಟ್ಟಿ ಹಿಡಿದು ಹೋಗುವುದು ಅತಿ ದೊಡ್ಡ ತಪ್ಪು. ಹನ್ನೆರಡರಲ್ಲಿ ಅವರಿಗೆ ಸುಲಭವಾದ ಒಂದನ್ನು ಮಾಡಿ, ನಿಮ್ಮ ಬೇಡಿಕೆ ಈಡೇರಿಸಿದ್ದೇವೆ ಅನ್ನುತ್ತಾರೆ. ನಿಮಗೆ ಬೇಕಾದದ್ದು ಉಳಿದುಬಿಡುತ್ತದೆ. ಒಂದು ಸಭೆಗೆ ಒಂದೇ ಬೇಡಿಕೆ.

ಆರಿಸಿದ ಮೇಲೆ ಸ್ಥಳಕ್ಕೆ ಹೋಗಿ. ನಾವು ಎರಡನೇ ಸಲ ಮಾಡಿದ್ದು ಇದನ್ನೇ. ಹಳ್ಳದ ಆ ದಡದಿಂದ ಈ ದಡಕ್ಕೆ ಹಗ್ಗ ಎಳೆದು, ಗಂಟು ಹಾಕಿ, ಅಂಗಳದಲ್ಲಿ ಹಾಸಿ ಟೇಪಿನಿಂದ ಅಳೆದೆವು: 31 ಅಡಿ. ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಏರುತ್ತದೆ ಅಂತ ದಡದ ಹಲಸಿನ ಮರದ ಮೇಲಿನ ಕೆಸರಿನ ಗುರುತು ತೋರಿಸಿ ಫೋಟೋ ತೆಗೆದೆವು. ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಮೂರು ದಿನ ಕೂತು ದಾಟುವವರನ್ನು ಎಣಿಸಿದೆವು. ಮಕ್ಕಳು ಎಷ್ಟು, ಹಾಲು ಕೊಡಲು ಹೋಗುವವರು ಎಷ್ಟು, ಮೀನಿನ ಬುಟ್ಟಿ ಹೊತ್ತವರು ಎಷ್ಟು. ಸುತ್ತಿ ಹೋದರೆ ರಸ್ತೆ ಎಷ್ಟು ದೂರ ಅಂತ ಬೈಕ್ ಮೀಟರ್ ನೋಡಿ ಬರೆದೆವು.

"ತುಂಬಾ ತೊಂದರೆ ಆಗ್ತಿದೆ" ಅಂದರೆ ಇಂಜಿನಿಯರ್ ಬರೆದುಕೊಳ್ಳಲು ಏನೂ ಇರುವುದಿಲ್ಲ. 31 ಅಡಿ, ದಿನಕ್ಕೆ ಇಷ್ಟು ಮಕ್ಕಳು ಅಂದರೆ ಪೆನ್ನು ತೆಗೆಯುತ್ತಾರೆ.

ಹಂತ 3: ಜಾಗ ಯಾರದು, ಕೆಲಸ ಯಾರದು

ಉತ್ತರ ಕನ್ನಡದಲ್ಲಿ ಅರ್ಜಿಗಳು ಸಾಯುವುದು ಹೆಚ್ಚಾಗಿ ಇಲ್ಲೇ. ನಮ್ಮ ಜಿಲ್ಲೆಯ ಬಹುಪಾಲು ಅರಣ್ಯ. ನೀವು ಪಂಚಾಯತ ಜಾಗ ಅಂದುಕೊಂಡದ್ದು ಅರಣ್ಯ ಇಲಾಖೆಯದಿರಬಹುದು, ಅಥವಾ ಯಾರದೋ ಮಾಲ್ಕಿ (ಸ್ವಂತ) ಜಮೀನಿನ ಅಂಚಿರಬಹುದು, ಹೊಳೆ ಸಮುದ್ರದ ಪಕ್ಕವಾದರೆ ಕರಾವಳಿ ನಿಯಂತ್ರಣ ವಲಯದೊಳಗೂ ಇರಬಹುದು. ಸ್ಥಳದಲ್ಲಿ ನಿಂತು ದಿಶಾಂಕ್ ಆ್ಯಪ್ ತೆರೆದರೆ ಸರ್ವೆ ನಂಬರ್ ತೋರಿಸುತ್ತದೆ. ಆ ನಂಬರಿನ ಪಹಣಿ ತೆಗೆಸಿ. ಅನುಮಾನ ಇದ್ದರೆ ಗ್ರಾಮ ಆಡಳಿತ ಅಧಿಕಾರಿಯನ್ನು ಕೇಳಿ.

ಮಾಲ್ಕಿ ಜಾಗ ಆಗಿದ್ದರೆ ಆ ಮನೆಯ ಯಜಮಾನರ ಹತ್ತಿರ ಮೊದಲು ಹೋಗಿ ಮಾತಾಡಿ, ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ. ಸಭೆಯಲ್ಲಿ ಎಲ್ಲರೆದುರು ಕೇಳಿದರೆ ಒಪ್ಪುವ ಮನಸ್ಸಿದ್ದವರೂ ಬಿಗಿಯಾಗುತ್ತಾರೆ. ಇದನ್ನು ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ ಮಾಡುವುದು ಒಳ್ಳೆಯದು.

ಅರಣ್ಯ ಜಾಗ ಅಂದ ಕೂಡಲೇ ಕೈ ಬಿಡಬೇಡಿ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ರಸ್ತೆ, ಅಂಗನವಾಡಿ, ಕುಡಿಯುವ ನೀರು, ವಿದ್ಯುತ್ ಲೈನ್ ಸೇರಿ 13 ಬಗೆಯ ಊರಿನ ಸೌಲಭ್ಯಗಳಿಗೆ ಅರಣ್ಯ ಭೂಮಿ ಕೊಡಲು ದಾರಿ ಇದೆ. ಪ್ರತಿ ಕೆಲಸಕ್ಕೆ ಜಾಗ 1 ಹೆಕ್ಟೇರಿಗಿಂತ ಕಡಿಮೆ ಇರಬೇಕು, ಕಡಿಯುವ ಮರ ಹೆಕ್ಟೇರಿಗೆ 75 ಮೀರಬಾರದು, ಮತ್ತು ಗ್ರಾಮ ಸಭೆಯ ಶಿಫಾರಸು ಬೇಕು. ಕೊನೆಯದನ್ನು ಇನ್ನೊಮ್ಮೆ ಓದಿ. ಶಿಫಾರಸು ಮಾಡಬೇಕಾದವರು ನೀವೇ.

ಆಮೇಲೆ ಕೆಲಸ ಯಾರದು ಅನ್ನುವುದು. ಬೀದಿ ದೀಪ, ಚರಂಡಿ, ಕೇರಿಯ ನೀರು ಪಂಚಾಯತದ್ದು. ಕಂಬ, ತಂತಿ ವಿದ್ಯುತ್ ಕಂಪನಿ ಹೆಸ್ಕಾಂನದು. 31 ಅಡಿಯ ಸಂಕ ಅಂದರೆ ಸಣ್ಣ ಪಂಚಾಯತದ ಕೈಗೆ ದೊಡ್ಡದು, ಅದಕ್ಕೆ ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗ ಅಥವಾ ಲೋಕೋಪಯೋಗಿ ಇಲಾಖೆ ಬೇಕಾಗುತ್ತದೆ. ‘ಶಾಲಾ ಸಂಪರ್ಕ ಸೇತು’ ಅನ್ನುವ ಹೆಸರಿನಲ್ಲಿ ಮಲೆನಾಡು, ಕರಾವಳಿಯಲ್ಲಿ ಕಾಲುಸಂಕಗಳು ಆಗಿವೆ, ಹಾಗಾಗಿ ಅರ್ಜಿಯಲ್ಲಿ ಶಾಲೆಯ ಹೆಸರು, ಮಕ್ಕಳ ಸಂಖ್ಯೆ ಬರಲೇಬೇಕು.

ಹಂತ 4: ಕೇರಿಯಲ್ಲಿ ಕೂತು ಮಾತಾಡಿ

ಸಭೆ ಯಾವಾಗ ಇಡುತ್ತೀರಿ ಅನ್ನುವುದೇ ಮುಖ್ಯ. ದೋಣಿಯ ಮೇಲೆ ಹೋಗುವವರು ಜೂನ್ 1ರಿಂದ ಜುಲೈ 31ರವರೆಗೆ, ಯಾಂತ್ರಿಕ ಮೀನುಗಾರಿಕೆ ನಿಷೇಧದ 61 ದಿನ, ಮನೆಯಲ್ಲಿರುತ್ತಾರೆ. ಮೀನು ಮಾರಲು ಹೋಗುವ ಹೆಂಗಸರು ಮಧ್ಯಾಹ್ನದ ಮೇಲೆಯೇ ಸಿಗುವುದು. ಗದ್ದೆ ನೆಟ್ಟಿ ಸಮಯದಲ್ಲಿ ಬೆಳಿಗ್ಗೆ ಯಾರೂ ಇಲ್ಲ. ಊರ ದೇವರ ಬಂಡಿಹಬ್ಬದ ದಿನ ಇಟ್ಟರೆ ನೀವೊಬ್ಬರೇ. ಸಂಜೆ ಐದೂವರೆಗೆ, ಯಾರದಾದರೂ ಅಂಗಳದಲ್ಲಿ, ಒಂದು ಗಂಟೆ ಸಾಕು.

ಅಲ್ಲಿ ನೀವು ಕಡಿಮೆ ಮಾತಾಡಿ. ನಾವು ಸಂಕ ಹಳೆಯ ಜಾಗದಲ್ಲೇ ಆಗಬೇಕು ಅಂದುಕೊಂಡಿದ್ದೆವು. ಮೂಲೆಯಲ್ಲಿ ಕೂತಿದ್ದ ಒಬ್ಬ ಅಜ್ಜಿ "ಅಲ್ಲಿ ಬೇಡ ತಮಾ, ಅಲ್ಲಿ ದಡ ಕೊರೀತದೆ, ಹತ್ತು ಮಾರು ಮೇಲೆ ಕಲ್ಲಿದೆ" ಅಂದರು. ಮರುದಿನ ಹೋಗಿ ನೋಡಿದರೆ ಹೌದು, ಎರಡೂ ದಡಕ್ಕೆ ಗಟ್ಟಿ ಚಿರೇಕಲ್ಲು. ಮುಂದೆ ಸ್ಥಳ ನೋಡಲು ಬಂದ ಇಂಜಿನಿಯರ್ ಒಪ್ಪಿದ್ದೂ ಅದೇ ಜಾಗವನ್ನು. ಆ ಮಾತು ನಮ್ಮ ಐದು ಜನರ ತಲೆಗೆ ಯಾವತ್ತೂ ಹೊಳೆಯುತ್ತಿರಲಿಲ್ಲ.

ಎಚ್ಚರಿಕೆಯ ಗುರುತು: ಕೇರಿ ಸಭೆಗೆ ಒಂದೇ ಜಾತಿಯವರು, ಒಂದೇ ಪಕ್ಷದವರು ಮಾತ್ರ ಬಂದಿದ್ದರೆ ಅಲ್ಲಿಗೇ ನಿಲ್ಲಿಸಿ, ಉಳಿದವರ ಮನೆಗೆ ಹೋಗಿ ಬನ್ನಿ. ಗ್ರಾಮ ಪಂಚಾಯತ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ, ಆದರೆ ಯಾರು ಯಾರ ಕಡೆ ಅಂತ ಊರಿಗೆಲ್ಲ ಗೊತ್ತು. ಬೇಡಿಕೆಗೆ ಒಂದು ಬಣ್ಣ ಬಳಿದರೆ ಇನ್ನೊಂದು ಬಣ್ಣದವರು ಅದನ್ನು ನಿಲ್ಲಿಸುತ್ತಾರೆ.

ಹಂತ 5: ವಾರ್ಡ್ ಸಭೆ ಬಿಡಬೇಡಿ

ಎಲ್ಲರೂ ಹಾರಿಸಿಬಿಡುವ ಹಂತ ಇದು. ಗ್ರಾಮ ಸಭೆಗೂ ಮೊದಲು ವಾರ್ಡ್ ಸಭೆ ನಡೆಯಬೇಕು, ಕೇರಿಯ ಬೇಡಿಕೆಗಳು ಪಟ್ಟಿಯಾಗುವುದು ಅಲ್ಲಿ. ಎಷ್ಟೋ ಕಡೆ ಇದು ಕಾಗದದ ಮೇಲೆಯೇ ಮುಗಿಯುತ್ತದೆ. ಯಾರಾದರೂ ಮನೆಗೆ ಬಂದು "ಇಲ್ಲೊಂದು ಸಹಿ ಹಾಕಿ" ಅಂತ ಖಾಲಿ ಹಾಳೆ ಚಾಚಿದರೆ ಅದು ನಡೆಯದ ಸಭೆಯ ಹಾಜರಿ ಇರಬಹುದು. ಸಹಿ ಹಾಕಬೇಡಿ, ಸಭೆ ಎಂದು, ಎಲ್ಲಿ ಅಂತ ಕೇಳಿ. ದಿನಾಂಕ ಗೊತ್ತಾಗಲು ಪಂಚಾಯತದ ನೋಟಿಸ್ ಬೋರ್ಡಿನ ಫೋಟೋ ವಾರಕ್ಕೊಮ್ಮೆ ತೆಗೆಯುವ ಕೆಲಸ ಒಬ್ಬರಿಗೆ ವಹಿಸಿ.

ಹಂತ 6: ಅರ್ಜಿ ಬರೆಯಿರಿ, ಸ್ವೀಕೃತಿ ತನ್ನಿ

ಒಂದೇ ಪುಟ. ಮೇಲೆ ಪಿಡಿಒ (ಪಂಚಾಯತ ಅಭಿವೃದ್ಧಿ ಅಧಿಕಾರಿ) ಅವರಿಗೆ, ಕೆಳಗೆ ವಿಷಯ, ಆಮೇಲೆ ಜಾಗದ ಸರ್ವೆ ನಂಬರ್, ಅಳತೆ, ದಾಟುವವರ ಲೆಕ್ಕ, ಕೊನೆಗೆ ಬೇಡಿಕೆ. ಬೇಡಿಕೆಯ ವಾಕ್ಯವನ್ನು ಠರಾವಿಗೆ (ಸಭೆಯ ತೀರ್ಮಾನದ ಬರಹಕ್ಕೆ) ಹಾಗೇ ಇಳಿಸಿಕೊಳ್ಳಲು ಬರುವಂತೆ ಬರೆಯಿರಿ: ‘ಇಂಥ ವಾರ್ಡಿನ ಇಂಥ ಕೇರಿಯಲ್ಲಿ ಸರ್ವೆ ನಂಬರ್ ಇಷ್ಟರ ಹತ್ತಿರ ಹಳ್ಳಕ್ಕೆ ಸುಮಾರು 31 ಅಡಿ ಉದ್ದದ ಕಾಲುಸಂಕ ನಿರ್ಮಿಸುವುದನ್ನು ಕ್ರಿಯಾ ಯೋಜನೆಗೆ ಸೇರಿಸಲು ಮತ್ತು ಅಂದಾಜು ಪಟ್ಟಿ ತಯಾರಿಸಲು ಇಂಜಿನಿಯರಿಂಗ್ ವಿಭಾಗಕ್ಕೆ ಬರೆಯಲು ಠರಾಯಿಸಲಾಗಿದೆ.’ ಬರೆಯುವವರಿಗೆ ಸಿದ್ಧ ವಾಕ್ಯ ಸಿಕ್ಕರೆ ಅದನ್ನೇ ಬರೆಯುತ್ತಾರೆ.

ಎರಡು ಪ್ರತಿ ಒಯ್ಯಿರಿ. ಒಂದು ಅವರಿಗೆ. ಇನ್ನೊಂದರ ಮೇಲೆ ಸೀಲು, ದಿನಾಂಕ, ಆವಕ ನಂಬರ್ (ಅರ್ಜಿ ಬಂದದ್ದರ ದಾಖಲೆ ಸಂಖ್ಯೆ) ಹಾಕಿಸಿಕೊಂಡು ಫೈಲಿಗೆ. "ಇಟ್ಟು ಹೋಗಿ, ಸಾಹೇಬ್ರು ಬಂದ ಮೇಲೆ ನೋಡ್ತಾರೆ" ಅಂದರೆ ಇಟ್ಟು ಬರಬೇಡಿ, ಕಾಯಿರಿ. ಅವತ್ತು ಆಗದಿದ್ದರೆ ರಿಜಿಸ್ಟರ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ವಾಟ್ಸಾಪಿನಲ್ಲಿ ಕಳಿಸಿದ ಅರ್ಜಿಗೆ ಆವಕ ನಂಬರ್ ಇರುವುದಿಲ್ಲ.

ಹಂತ 7: ಗ್ರಾಮ ಸಭೆಯ ದಿನ

ಕಾನೂನಿನ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮ ಸಭೆ ಆಗಬೇಕು. ನಿಮಗೆ ಎಲ್ಲಕ್ಕಿಂತ ಮುಖ್ಯವಾದದ್ದು ಮುಂದಿನ ವರ್ಷದ ಯೋಜನೆ ಮಾಡುವ ಸಭೆ, ‘ನಮ್ಮ ಗ್ರಾಮ ನಮ್ಮ ಯೋಜನೆ’ಯದು. ಅದರ ಕೆಲಸ ಅಕ್ಟೋಬರ್ 2ರ ನಂತರ ಶುರುವಾಗುತ್ತದೆ. ಫೆಬ್ರುವರಿಯಲ್ಲಿ ಬಂದು ಕೇಳಿದರೆ ಆ ವರ್ಷದ ಪಟ್ಟಿ ಮುಚ್ಚಿರುತ್ತದೆ. ಕೋರಂ, ಅಂದರೆ ಸಭೆ ನಡೆಯಲು ಇರಲೇಬೇಕಾದ ಜನ, ಮತದಾರರ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅದು. ಜನ ಸಾಲದೆ ಸಭೆ ಮುಂದೆ ಹೋದರೆ ನಿಮ್ಮ ಬೇಡಿಕೆಯೂ ಮುಂದೆ ಹೋಗುತ್ತದೆ, ಹಾಗಾಗಿ ಕೇರಿಯಿಂದ ಜನ ಬರಲೇಬೇಕು.

ಬೇಗ ಹೋಗಿ, ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ, ಮುಂದೆ ಕೂರಿ. ಐದು ಜನರಲ್ಲಿ ಕೆಲಸ ಹಂಚಿಕೊಳ್ಳಿ: ಒಬ್ಬರು ಮಾತಾಡುವವರು, ಒಬ್ಬರು ಯಾರು ಏನು ಉತ್ತರ ಕೊಟ್ಟರು ಅಂತ ಬರೆಯುವವರು, ಒಬ್ಬರು ನಡಾವಳಿ ಬರೆಯುವವರ ಪಕ್ಕದಲ್ಲಿ ಕೂರುವವರು. ಮೂರನೆಯವರು ಬಹಳ ಮುಖ್ಯ. ಉಳಿದಿಬ್ಬರು ಕೇರಿಯವರ ಜೊತೆ ಇರಲಿ, ಊಟದ ಹೊತ್ತಾಯಿತು ಅಂತ ಜನ ಎದ್ದು ಹೋಗದಂತೆ ನೋಡಿಕೊಳ್ಳಲಿ.

ಮಾತು ಮೂರು ನಿಮಿಷ ಸಾಕು. ಯಾರನ್ನೂ ಬೈಯಬೇಡಿ, ಹಿಂದಿನ ಅಧ್ಯಕ್ಷರ ಕಾಲದ ಜಗಳ ತೆಗೆಯಬೇಡಿ. ಸಿಟ್ಟು ಬರುತ್ತದೆ, ನನಗೂ ಬಂದಿತ್ತು. ಮಳೆಗೆ ಜಾರಿ ಬಿದ್ದು ಕೈ ಮುರಿದುಕೊಂಡ ಹುಡುಗ ನಮ್ಮ ಪಕ್ಕದ ಮನೆಯವನು. ಆದರೆ ಕೂಗಾಟ ಶುರುವಾದರೆ ಪೆನ್ನು ನಿಲ್ಲುತ್ತದೆ, ಅಧಿಕಾರಿಗಳಿಗೆ ಸಭೆ ಮುಗಿಸಲು ಕಾರಣ ಸಿಗುತ್ತದೆ.

ಸಾಮಾನ್ಯವಾಗಿ ಮೂರು ಉತ್ತರ ಬರುತ್ತವೆ. ಮೂರಕ್ಕೂ ಮರುಪ್ರಶ್ನೆ ಮೊದಲೇ ತಯಾರಿರಲಿ.

"ಮೇಲಕ್ಕೆ ಬರೀತೇವೆ" ಅಂದರೆ: ಯಾವ ಕಚೇರಿಗೆ, ಯಾವ ದಿನಾಂಕದೊಳಗೆ? ಪತ್ರದ ಪ್ರತಿ ನಮಗೂ ಕೊಡುವುದಾಗಿ ಠರಾವಿನಲ್ಲಿ ಸೇರಿಸಿ.

"ಅನುದಾನ ಇಲ್ಲ" ಅಂದರೆ: ಸರಿ, ಆದ್ಯತೆಯ ಪಟ್ಟಿಯಲ್ಲಿ ಎಷ್ಟನೇ ನಂಬರ್? ಆ ನಂಬರ್ ಬರೆಯಿರಿ. ಇಲ್ಲೊಂದು ಮಾತು ತಿಳಿದಿರಲಿ. ಪಂಚಾಯತಕ್ಕೆ ಬರುವ ಹಣವೆಲ್ಲ ಎಲ್ಲದಕ್ಕೂ ಖರ್ಚು ಮಾಡುವಂಥದ್ದಲ್ಲ. 15ನೇ ಹಣಕಾಸು ಆಯೋಗದ 2021-26ರ ಅನುದಾನದಲ್ಲಿ ಶೇ. 60 ಭಾಗ ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಿತ್ತು. ಯಾವ ಬಾಬ್ತಿನಲ್ಲಿ ಎಷ್ಟು ಉಳಿದಿದೆ ಅಂತ ಕೇಳಿದರೆ ನಿಜವಾದ ಉತ್ತರ ಬರುತ್ತದೆ.

"ಅದು ಅರಣ್ಯ ಜಾಗ" ಅಂದರೆ: ಜಂಟಿ ಸರ್ವೆಗೆ ಬರೆಯಿರಿ, ಅರಣ್ಯ ಹಕ್ಕು ಕಾಯ್ದೆಯಡಿ ಸಭೆಯ ಶಿಫಾರಸನ್ನು ಇವತ್ತೇ ದಾಖಲಿಸಿ.

ಸಭೆ ಮುಗಿಯುವ ಮೊದಲು, ಇದನ್ನು ಎಷ್ಟು ಹೇಳಿದರೂ ಕಡಿಮೆ, ನಿಮ್ಮ ಬೇಡಿಕೆಯ ಠರಾವನ್ನು ಗಟ್ಟಿಯಾಗಿ ಓದಿ ಹೇಳಲು ಕೇಳಿ. ವಾರ್ಡು, ಕೇರಿ, ಕೆಲಸದ ಹೆಸರು ಮೂರೂ ಬಂದಿದ್ದರೆ ಮಾತ್ರ ಎದ್ದು ಬನ್ನಿ. ‘ಚರ್ಚಿಸಲಾಯಿತು’, ‘ಪರಿಶೀಲಿಸಲಾಗುವುದು’, ‘ಅಹವಾಲು ಆಲಿಸಲಾಯಿತು’, ಈ ಮೂರರಲ್ಲಿ ಯಾವುದು ಕೇಳಿದರೂ ಅದು ಠರಾವಲ್ಲ. ‘ಠರಾಯಿಸಲಾಗಿದೆ’ ಅಥವಾ ‘ತೀರ್ಮಾನಿಸಲಾಗಿದೆ’ ಅಂತ ಬರೆಸಿ.

ಹಂತ 8: ನಡಾವಳಿಯ ಪ್ರತಿ ತೆಗೆದುಕೊಳ್ಳಿ

ಒಂದು ವಾರ ಬಿಟ್ಟು ಹೋಗಿ ಕೇಳಿ. ಕೊಟ್ಟರೆ ಒಳ್ಳೆಯದು. ಕೊಡದಿದ್ದರೆ ಮಾಹಿತಿ ಹಕ್ಕು ಅರ್ಜಿ, ನಮೂನೆ ‘ಎ’ಯಲ್ಲಿ, 10 ರೂಪಾಯಿ ಶುಲ್ಕ. ಬಿಪಿಎಲ್ ಕಾರ್ಡಿನವರಿಗೆ ಶುಲ್ಕ ಇಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ನಮ್ಮ ಹುಡುಗರ ಅರ್ಜಿ ತಿರಸ್ಕಾರ ಆಗುವುದು ಹೆಚ್ಚಾಗಿ ಇದಕ್ಕೇ: ನಾಲ್ಕು ಪುಟ ಸಿಟ್ಟು ಬರೆದಿರುತ್ತಾರೆ. ‘ಏಕೆ ಮಾಡಿಲ್ಲ’ ಅಂತ ಕೇಳಬೇಡಿ, ದಾಖಲೆ ಕೇಳಿ. ಹೀಗೆ ಬರೆದರೆ ಸಾಕು: ‘ದಿನಾಂಕ ಇಷ್ಟರಂದು ನಡೆದ ಗ್ರಾಮ ಸಭೆಯ ನಡಾವಳಿ ಮತ್ತು ಹಾಜರಿ ಪುಟಗಳ ದೃಢೀಕೃತ ಪ್ರತಿ ಕೊಡಿ.’

30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಗ್ರಾಮ ಪಂಚಾಯತದ ವಿಷಯದಲ್ಲಿ ಅದು ತಾಲೂಕು ಪಂಚಾಯತದ ಕಾರ್ಯನಿರ್ವಾಹಕ ಅಧಿಕಾರಿಗೆ. ದಿನಾಂಕಗಳನ್ನು ನೋಟ್ ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿ, ತಪ್ಪಿದರೆ ಮತ್ತೆ ಮೊದಲಿನಿಂದ.

ಹಂತ 9: ಕ್ರಿಯಾ ಯೋಜನೆಯಲ್ಲಿ ಹುಡುಕಿ

ಠರಾವು ಆದದ್ದೆಲ್ಲ ಕ್ರಿಯಾ ಯೋಜನೆಗೆ, ಅಂದರೆ ಆ ವರ್ಷ ಮಾಡುವ ಕೆಲಸಗಳ ಪಟ್ಟಿಗೆ, ಬರುವುದಿಲ್ಲ. ಇ-ಗ್ರಾಮ್ ಸ್ವರಾಜ್ ಜಾಲತಾಣದಲ್ಲಿ ರಾಜ್ಯ, ಜಿಲ್ಲೆ, ತಾಲೂಕು, ಪಂಚಾಯತ ಆರಿಸಿದರೆ ಆ ವರ್ಷದ ಯೋಜನೆ ಸಿಗುತ್ತದೆ. ನಿಮ್ಮ ಕಾಮಗಾರಿಯ ಹೆಸರು ಇದೆಯಾ, ಎಷ್ಟು ಹಣ ಇಟ್ಟಿದ್ದಾರೆ ನೋಡಿ. ಬೇರೆ ಕೇರಿಯ ಹೆಸರಿನಲ್ಲಿ ಸಂಕ ಇದ್ದರೆ ಕೂಡಲೇ ಠರಾವಿನ ಪ್ರತಿ ಹಿಡಿದು ಹೋಗಿ. ತಪ್ಪಾಗಿ ಟೈಪ್ ಆಗಿದ್ದೂ ಇರಬಹುದು, ಮೊದಲು ಸಮಾಧಾನದಿಂದ ಕೇಳಿ.

ಹಂತ 10: ಆಗಲೂ ಅಲುಗದಿದ್ದರೆ

ಪ್ರಚಾರ, ಧರಣಿ ಶುರುವಾಗಬೇಕಾದದ್ದು ಈಗ, ಮೊದಲ ದಿನವಲ್ಲ. ಈಗ ನಿಮ್ಮ ಹತ್ತಿರ ಅಳತೆ ಇದೆ, ಆವಕ ನಂಬರ್ ಇದೆ, ಠರಾವು ಇದೆ. ತಾಲೂಕು ಪಂಚಾಯತಕ್ಕೆ, ಆಮೇಲೆ ಕಾರವಾರಕ್ಕೆ, ಜಿಲ್ಲಾ ಪಂಚಾಯತದ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ ಅರ್ಜಿ ಕೊಡಿ. ಸರ್ಕಾರದ ದೂರು ಸಹಾಯವಾಣಿ ಜನಸ್ಪಂದನದ 1902ಕ್ಕೆ ದೂರು ದಾಖಲಿಸಿ ನಂಬರ್ ಬರೆದುಕೊಳ್ಳಿ. ಪತ್ರಿಕೆಯವರಿಗೆ ಫೈಲಿನ ಪ್ರತಿ ಕೊಡಿ, ಅವರಿಗೂ ದಾಖಲೆಯಿರುವ ಸುದ್ದಿ ಬರೆಯುವುದು ಸುಲಭ.

ಧರಣಿ ಮಾಡುವುದಾದರೆ ಪೊಲೀಸ್ ಠಾಣೆಗೆ ಮೊದಲೇ ಬರಹದಲ್ಲಿ ತಿಳಿಸಿ, ಅನುಮತಿ ಪಡೆಯಿರಿ. ಹೆದ್ದಾರಿ 66ಕ್ಕೆ ಕೂತು ವಾಹನ ತಡೆಯುವ ಯೋಚನೆ ಬೇಡ. ನಮ್ಮ ಕಡೆಯ ಹುಡುಗರು ಸೀಬರ್ಡ್ ನೌಕಾನೆಲೆ, ಕೈಗಾ ಅಣು ಸ್ಥಾವರ, ಹಡಗು, ಗಲ್ಫ್ ಅಂತ ಕೆಲಸಕ್ಕೆ ಅರ್ಜಿ ಹಾಕುವವರು, ಎಲ್ಲದಕ್ಕೂ ಪೊಲೀಸ್ ಪರಿಶೀಲನೆ ಇದೆ. ಒಂದು ಕೇಸ್ ಬಿದ್ದರೆ ಒದ್ದಾಡುವುದು ಆ ಹುಡುಗ, ಮೈಕ್ ಕೊಟ್ಟು ಮುಂದೆ ನಿಲ್ಲಿಸಿದವರಲ್ಲ. ಚುನಾವಣೆಯ ಹೊತ್ತಿಗೆ ಯಾರಾದರೂ ಬಂದು ನಿಮ್ಮ ಬ್ಯಾನರ್‌ಗೆ ದುಡ್ಡು ಕೊಡುತ್ತೇನೆ ಅಂದರೆ ತೆಗೆದುಕೊಳ್ಳಬೇಡಿ.

ಹಂತ 11: ಕೆಲಸ ಶುರುವಾದ ಮೇಲೆ

ಇಲ್ಲಿಗೆ ಬಂದವರು ಖುಷಿಯಲ್ಲಿ ಫೈಲು ಮುಚ್ಚಿಬಿಡುತ್ತಾರೆ. ಮುಚ್ಚಬೇಡಿ. ಅಂದಾಜು ಪಟ್ಟಿಯ ಪ್ರತಿ ತೆಗೆದುಕೊಂಡು ಕಬ್ಬಿಣ ಎಷ್ಟು ಎಂ.ಎಂ., ಕಂಬದ ಅಡಿಪಾಯ ಎಷ್ಟು ಆಳ ಅಂತ ನೋಡಿಕೊಳ್ಳಿ. ಕಾಂಕ್ರೀಟ್ ಹಾಕುವ ದಿನ ಇಬ್ಬರು ಅಲ್ಲಿರಿ. ಗುತ್ತಿಗೆದಾರರಿಗೆ ಉಪದೇಶ ಮಾಡಲು ಹೋಗಬೇಡಿ, ಫೋಟೋ ತೆಗೆಯಿರಿ, ಅನುಮಾನ ಇದ್ದರೆ ಇಂಜಿನಿಯರ್‌ಗೆ ಫೋನ್ ಮಾಡಿ. ಮಳೆ ಶುರುವಾಗುವ ಹೊತ್ತಿಗೆ ಅವಸರದಲ್ಲಿ ಅಡಿಪಾಯ ತುಂಬಿಸುತ್ತಿದ್ದರೆ ಅದೇ ಎಚ್ಚರಿಕೆಯ ಗುರುತು. ನೀರಿನಲ್ಲಿ ಹಾಕಿದ ಕಾಂಕ್ರೀಟ್ ಮುಂದಿನ ಜುಲೈ ನೋಡುವುದಿಲ್ಲ.

ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಪಂಚಾಯತದಲ್ಲಿ ಜಮಾಬಂದಿ ನಡೆಯುತ್ತದೆ. ಹಿಂದಿನ ವರ್ಷದ ಲೆಕ್ಕ, ಕಾಮಗಾರಿಯ ಕಡತ ಜನರ ಎದುರು ಇಡಬೇಕು. ಅಲ್ಲಿ ಅಳತೆ ಪುಸ್ತಕ ಕೇಳಿ, ಅದರಲ್ಲಿ ಬರೆದ ಉದ್ದವನ್ನು ನಿಮ್ಮ ನೋಟ್ ಪುಸ್ತಕದ ಉದ್ದದ ಜೊತೆ ಹೋಲಿಸಿ. ನಾವು ಹಳೆಯ ಹಗ್ಗವನ್ನೇ ಒಯ್ದಿದ್ದೆವು. ಹೊಸ ಜಾಗದಲ್ಲಿ ಹಳ್ಳ ಸ್ವಲ್ಪ ಕಿರಿದು, ಸಂಕ 28 ಅಡಿ, ಪುಸ್ತಕದಲ್ಲೂ 28. ಜಮಾಬಂದಿ ಅಧಿಕಾರಿ ಹಗ್ಗ ನೋಡಿ ತಾವೂ ಸ್ಥಳಕ್ಕೆ ಬಂದರು, ಹಿಡಿದುಕೊಳ್ಳುವ ಕಂಬಿ ಒಂದು ಬದಿಗೆ ಮಾತ್ರ ಆಗಿದೆ ಅಂತ ಬರೆದುಕೊಂಡು ಹೋದರು. ಇನ್ನೊಂದು ಬದಿಯದು ನವೆಂಬರಿನಲ್ಲಿ ಆಯಿತು.